ಹದಿನೆಂಟು ಸೆಡಿ

ನಪಾರಿ ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು
ಅದರ ಹೊಟ್ಟೆಯಿಂದ ಒಂದು ಉದ್ದಗೆರೆ ಇಳಿಬಿಟ್ಟ.
ಎಡಕ್ಕೆ ಖರ್ಚು, ಬಲಕ್ಕೆ ಜಮಾ.
ಕೈಗೆ ಬಂದ ನಗದು ಎಡಕ್ಕೆ, ಅಂದ.
ಬಂದದ್ದು ಖರ್ಚಿನ ಕಡೆಗೋ?
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತ
ಹನ್ನೊಂದು ಹೆಂಗಸರು ಒಟ್ಟಿಗೆ ನಕ್ಕೆವು.
ಹುಡುಗ ಬೆವತ. ದೀಪದ ಹುಳ ಅವನ ಕಾಲರಿಗೆ ಹತ್ತಿತು.

ಸಾವೆಲುಗಿನ ಶಾಲೆ, ಮಂಗಳವಾರ ರಾತ್ರಿ.
ನಮ್ಮ ಮೈಯೆಲ್ಲ ಶಿಯಾ ಬೆಣ್ಣೆ ಕಾಸಿದ ಹೊಗೆ.
ಬೆರಳಿಟ್ಟ ಪುಟದಲ್ಲೆಲ್ಲ ಒಂದೊಂದು ಜಿಡ್ಡಿನ ಕಿಟಕಿ,
ಜನವರಿಯಿಂದ ಇಣುಕಿದರೆ ಫೆಬ್ರವರಿ ಕಾಣುವಷ್ಟು.

ಇದಕ್ಕೆ ಮುಂಚೆ ನನಗೆ ಗೋಡೆಯಿತ್ತು, ಇದ್ದಿಲಿತ್ತು.
ಮೂಟೆಗೊಂದು ಗೀಟು; ಸಾಲ ಕೊಟ್ಟಿದ್ದರೆ
ಗೀಟಿಗೊಂದು ಬಾಲ.
ಮಳೆಗೆ ಮುಂಚೆ ಗೋಡೆಗೆ ಹೊಸ ಮಣ್ಣು ಮೆತ್ತಿದರೆ
ಅರ್ಧ ಊರಿನ ಸಾಲ ಮಾಫಿ.
ಅದಕ್ಕೇ ಫುಸೇನಾಳನ್ನು ಖಜಾಂಚಿ ಮಾಡಿದ್ದು ಅಂತ
ಲಮೀಸಿ ಕೋಲಾ ಕಾಯಿ ಜಗಿಯುತ್ತ ಚುಡಾಯಿಸುತ್ತಿದ್ದಳು.

ಕಲಿತೆ. ನಿಧಾನವಾಗಿ.
ಒಂದು ಕಡೆ ಬರೆದ ಕೈ ಇನ್ನೊಂದು ಕಡೆಯೂ ಬರೆಯಬೇಕು,
ಸೌದೆ ಬಂತು ಅಂದರೆ ಸಾಲದು, ಏನು ಹೋಯಿತು ಹೇಳು.
ಮಗಳ ಚೀಲಕ್ಕೆಂದು ಡಬ್ಬಿಯಿಂದ ತೆಗೆದ ನಲವತ್ತು,
ಯಾರಿಗೂ ಹೇಳದ್ದು,
ಅದಕ್ಕೂ ಒಂದು ಹೆಸರಿತ್ತು: ಮುಂಗಡ.
ಬರೆದೆ. ಹೆಸರು ಸಿಕ್ಕ ಮೇಲೆ ನಾಚಿಕೆ ಕಮ್ಮಿಯಾಗಲಿಲ್ಲ,
ಎಲ್ಲರಿಗೂ ಕಾಣುವ ಜಾಗದಲ್ಲಿ ಕೂತಿತು, ಅಷ್ಟೆ.

ಅರೆಯುವ ಮಿಷನ್ನಿಗೂ ವಯಸ್ಸಾಗುತ್ತದಂತೆ,
ವರ್ಷಕ್ಕೆ ನಾನೂರು ಸೆಡಿಯಷ್ಟು. ಅದು ಸವಕಳಿ.
ಮುಂದಿನ ಬೆಂಚಿನ ಅಸೀಬಿ ತನ್ನ ತೋಳು ಎತ್ತಿದಳು,
ಮೂವತ್ತು ವರ್ಷ ಬೆಣ್ಣೆ ಕಡೆದ ತೋಳು:
ಈ ಮೊಣಕೈಯ ಸವಕಳಿ ಯಾವ ಬದಿಗೆ, ಮೇಷ್ಟ್ರೆ?
ನಪಾರಿ ಪುಸ್ತಕ ಮುಂದಕ್ಕೆ ಮಗುಚಿದ, ಹಿಂದಕ್ಕೆ ಮಗುಚಿದ.
ಗಂಟೆ ಹೊಡೆಯಿತು ಅಂದ. ಹೊಡೆದಿರಲಿಲ್ಲ.

ವರ್ಷದ ಕೊನೆಗೆ ತಾಳೆ ಪಟ್ಟಿ. ತಾಳೆಯಾಗಲಿಲ್ಲ.
ಎಡಗಡೆ ಹದಿನೆಂಟು ಸೆಡಿ ಹೆಚ್ಚು.
ಕೂಡಿದೆ, ಮೇಲಿಂದ ಕೂಡಿದೆ, ಕೆಳಗಿಂದ ಕೂಡಿದೆ,
ಮೂರು ರಾತ್ರಿ ಅಂಕಿಗಳು ಕನಸಿನಲ್ಲಿ
ಸೋರೆಬುರುಡೆಯೊಳಗಿನ ಬೀಜದಂತೆ ಸದ್ದು ಮಾಡಿದವು.
ಪಟ್ಟಿಯಲ್ಲಿ ಹದಿನೆಂಟು ಕೆರೆದು ಹಾಕಿದರೆ ಯಾರು ನೋಡುತ್ತಾರೆ?
ಒಂಬತ್ತರಿಂದ ಭಾಗಿಸು, ಅಂದ ನಪಾರಿ.
ಶೇಷ ಉಳಿಯದಿದ್ದರೆ ಎಲ್ಲೋ ಎರಡು ಅಂಕಿ
ಒಂದರ ಜಾಗದಲ್ಲಿ ಇನ್ನೊಂದು ಕೂತಿರಬಹುದು.

ಕೂತಿದ್ದವು. ಲಮೀಸಿಯ ಖಾತೆಯಲ್ಲಿ.
ಕೊಡಬೇಕಾದದ್ದು ಮೂವತ್ತೈದು,
ನನ್ನ ಕೈ ಬರೆದದ್ದು ಐವತ್ತಮೂರು.
ತಾರೀಖು ನೋಡಿದೆ: ಜ್ವರದಲ್ಲಿ ಅವಳನ್ನು
ತ್ರಿಚಕ್ರದ ಗಾಡಿಗೆ ಎತ್ತಿ ತಮಾಲೆಗೆ ಕಳಿಸಿದ ಸಂಜೆ.
ಯಾಕೆ ಅವತ್ತೂ ಪುಸ್ತಕ ತೆರೆದಿದ್ದೆನೋ.
ಗಾಡಿ ಮರಳಿದ್ದು ಬೆಳಗಿನ ಜಾವ,
ಚಾಪೆ ಸುತ್ತಿಕೊಂಡು.

ಅಳಿಸಬಾರದು, ಅದು ನಿಯಮ.
ಒಂದೇ ಗೆರೆ ಹೊಡೆದು ಮೇಲೆ ಸರಿಯಾದದ್ದು ಬರೆ,
ತಪ್ಪೂ ಓದಲು ಸಿಗುವಂತೆ.
ಬರೆದೆ. ಎಡ ಬಲ ಒಂದಾಯಿತು.
ಅಸೀಬಿ ನಾಲಿಗೆ ಮಡಚಿ ಕೇಕೆ ಹಾಕಿದಳು,
ನನಗೆ ಮಾತ್ರ ಆ ಹದಿನೆಂಟು ಸೆಡಿ ಕಳಕೊಂಡಂತಾಯಿತು.

ಇನ್ನು ಆ ಮೂವತ್ತೈದು,
ಬಾರದ ಸಾಲ, ವಜಾ ಹಾಕಿಬಿಡಿ ಅಂದ ನಪಾರಿ, ಮೆಲ್ಲಗೆ.
ತಲೆಯಾಡಿಸಿದೆ. ಹಾಕಲಿಲ್ಲ.

ಅಢಾವೆ ಪತ್ರಿಕೆ ಹಿಡಿದು ಬ್ಯಾಂಕಿಗೆ ಹೋದೆವು.
ಮ್ಯಾನೇಜರ್ ಪೆನ್ನಿನ ತುದಿ ಇಳಿಸುತ್ತ ಬಂದ:
ಮಿಷನ್, ಬೆಣ್ಣೆಯ ದಾಸ್ತಾನು, ನಗದು,
ಬರಬೇಕಾದವರು.
ಇಲ್ಲಿ ನಿಂತ. ಲಮೀಸಿ. ಇವಳು ಯಾವಾಗ ಕೊಡುತ್ತಾಳೆ?
ಮಳೆ ಹತ್ತಿರ ಬರಲಿ, ಗೋಡೆಗೆ ಮಣ್ಣು ಮೆತ್ತಬೇಕಲ್ಲ,
ಆಗ ನೋಡೋಣ, ಅಂದೆ.
ಅವನಿಗೆ ಏನು ತಿಳಿಯಿತೋ. ಸೀಲಿಗೆ ಉಸಿರು ಊದಿ
ಒತ್ತಿದ.