ಆರು ಗಡ್ಡೆ

ಬೈತಖೋಲದ ಬರ್ಫ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಅಪ್ಪ ಗಡ್ಡೆ ಒಡೆದ.
ಕೇರಿಯ ಉಳಿದ ಅಪ್ಪಂದಿರು ಮೀನು ನಾರುತ್ತಿದ್ದರು,
ನಮ್ಮವನಿಗೆ ವಾಸನೆಯೇ ಇರಲಿಲ್ಲ,
ತಣ್ಣಗಿರುತ್ತಿದ್ದ ಅಷ್ಟೇ.
ಮೇ ತಿಂಗಳ ಸೆಖೆಯಲ್ಲಿ ನಾನೂ ಜೈವಂತನೂ
ಅವನ ಅಂಗೈಗೆ ಕೆನ್ನೆ ಒತ್ತಿ ಮಲಗಲು ಜಗಳಾಡಿ
ಕೊನೆಗೆ ಪಾಲು ಮಾಡಿಕೊಂಡೆವು:
ಎಡಗೈ ಅವನಿಗೆ, ಬಲಗೈ ನನಗೆ.
ಬಲಗೈಯ ಒಂದು ಬೆರಳು ಅರ್ಧವೇ ಇತ್ತು.
ಉಳಿದರ್ಧ ಎಲ್ಲಿ ಎಂದರೆ
'ಬಂಗಡೆ ಪೆಟ್ಟಿಗೆ ಜೊತೆ ಗೋವೆಗೆ ಹೋಯ್ತು' ಅನ್ನುತ್ತಿದ್ದ.

ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂದಾಗ
ಮುಳ್ಳಿರಬೇಕು ಎಂದುಕೊಂಡೆವು.
ಅನ್ನದ ಉಂಡೆ ನುಂಗಿಸಿದೆವು, ಬಾಳೆಹಣ್ಣು ನುಂಗಿಸಿದೆವು,
ಮೂರು ತಿಂಗಳು ಅದನ್ನು ಮುಳ್ಳು ಎಂದೇ ಕರೆದೆವು.
ಮಣಿಪಾಲದಲ್ಲಿ ಅದಕ್ಕೆ ಬೇರೆ ಹೆಸರಿತ್ತು.

ನಾನು ಡಿಸಿ ಆಫೀಸಿನೆದುರು ಜೆರಾಕ್ಸ್ ಅಂಗಡಿಯವಳು.
ಜಿಲ್ಲೆಯ ಪಹಣಿ, ಪಡಿತರ ಚೀಟಿ, ಮರಣದಾಖಲೆ
ಎಲ್ಲವೂ ನನ್ನ ಗಾಜಿನ ಮೇಲೆ ಬೋರಲು ಮಲಗಿ ಎದ್ದಿವೆ.
ಅಪ್ಪನ ರಿಪೋರ್ಟು ಇಟ್ಟ ದಿನವೂ
ಹಸಿರು ಬೆಳಕು ಈ ತುದಿಯಿಂದ ಆ ತುದಿಗೆ ಹೋಯಿತು,
ದಿನದ ಹಾಗೆಯೇ.
ಮೂರು ಸೆಟ್ ತೆಗೆದೆ. ಒಂದು ಸರಕಾರದ ಕಾರ್ಡಿಗೆ,
ಒಂದು ಕಾರ್ಖಾನೆಯ ಧಣಿಗೆ,
ಇನ್ನೊಂದು ಯಾಕೆ ತೆಗೆದೆನೋ.
'ಆಯ್ತಾ ಬಾಯಿ?' ಎಂದ ಹಿಂದೆ ನಿಂತವನು.
'ಆಯ್ತು' ಅಂದೆ.

ಹನ್ನೊಂದು ಸಲ ರೈಲು.
ಹೋಗುವಾಗ ಅವನಿಗೆ ಕಿಟಕಿ, ಬರುವಾಗ ನನ್ನ ಹೆಗಲು.
ಸೇತುವೆ ಬಂದಾಗೆಲ್ಲ ಹೊಳೆಯ ಹೆಸರು ಹೇಳುತ್ತಿದ್ದ:
ಗಂಗಾವಳಿ, ಅಘನಾಶಿನಿ, ಶರಾವತಿ.
ದನಿ ಹೋದ ಮೇಲೆ ಬೆರಳು ಮಡಚಿ ಎಣಿಸಿದ.
ಅರ್ಧ ಬೆರಳೂ ಒಂದು ಹೊಳೆ.
ಹನ್ನೆರಡನೆಯದು ಬೇಡ, ಮನೆಯಲ್ಲೇ ಇರಲಿ ಎಂದರು ಡಾಕ್ಟರು,
ಫೋನಿನಲ್ಲಿ, ಮೆತ್ತಗೆ.

ನಾನು ಒಳ್ಳೆಯ ಮಗಳಾಗಿದ್ದೆ ಎಂದು ಕೇರಿಯವರು ಹೇಳುತ್ತಾರೆ.
ಒಂದು ರಾತ್ರಿ ಗಂಜಿಯ ಚಮಚೆ ಅವನ ಹಲ್ಲಿಗೆ ಒತ್ತಿ
'ನುಂಗು, ನುಂಗು, ನನಗೂ ನಾಳೆ ಕೆಲಸ ಇದೆ' ಎಂದು ಕಿರುಚಿದ್ದು
ಗೋಡೆಯಾಚೆ ಕೇಳಿಸಿಯೇ ಇರುತ್ತದೆ.
ಯಾರೂ ಅದನ್ನು ಹೇಳುವುದಿಲ್ಲ.

ಕೆಟ್ಟ ಜೆರಾಕ್ಸಿನ ಬೆನ್ನಿನ ಮೇಲೆ ಬೆಳಿಗ್ಗೆ ಬರೆದ:
ಬರ್ಫ.
ಪಕ್ಕದ ಮನೆಯ ಫ್ರಿಜ್ಜಿನದ್ದು ತಂದೆ.
ಬೆಳಕಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದ.
ಹೊಟ್ಟೆಯೊಳಗೆಲ್ಲ ಬಿಳಿ. ಅದು ಐಸು.
ಬರ್ಫ ಅಂದರೆ ಆಚೆ ಹಿಡಿದ ಕೈ ಈಚೆಗೆ ಕಾಣಬೇಕು.

ಕಾರ್ಖಾನೆಯಲ್ಲಿ ಇನಾಸ ನಂಬಲಿಲ್ಲ.
'ಪುಂಡಲೀಕ ಕೇಳಿದನ?
ಇಷ್ಟು ವರ್ಷದಲ್ಲಿ ಒಂದು ಚೂರು ಬಾಯಿಗಿಟ್ಟವನಲ್ಲ,
ಇದು ಮೀನಿಂದು ಮಾರಾಯ, ನಮ್ಮದಲ್ಲ ಅಂತಿದ್ದ.'
ಆದರೂ ಗಡ್ಡೆಯ ನಡುವಿನಿಂದ ಒಡೆದು
ತನ್ನ ಟವೆಲಿನಲ್ಲೇ ಸುತ್ತಿ ಕೊಟ್ಟ.
ಆ ನೀರು ಶುದ್ಧವಲ್ಲ ಎಂದಳು ನರ್ಸು.
ಹೇಳಿದವಳೇ ಸುಮ್ಮನಾದಳು.
ಹದಿನಾರು ದಿನ, ದಿನಕ್ಕೆ ಒಂದು ಮುಷ್ಟಿ.
ಅದು ಕರಗುವಷ್ಟು ಹೊತ್ತು
ಅಪ್ಪ ಕಣ್ಣು ಮುಚ್ಚಿ, ಕೆಲಸ ಮುಗಿಸಿ ಬಂದವನ ಹಾಗೆ
ಕೂತಿರುತ್ತಿದ್ದ.

ಹದಿನೇಳನೇ ದಿನ, ಇಳಿತದ ಹೊತ್ತು.
ಇಷ್ಟೇ ಬರೆಯಬಲ್ಲೆ.

ಜೈವಂತನ ಬೋಟು ರತ್ನಾಗಿರಿಯಾಚೆ ಇತ್ತು.
ವೈರ್‌ಲೆಸ್ಸಿನಲ್ಲಿ ತಾಂಡೇಲನಿಗೆ ಮುಟ್ಟಿತು,
ಒಂದು ದಿನ ಬೇಕು ಎಂದ.
ಮೇ ತಿಂಗಳು. ಏನು ಮಾಡುವುದು ಎಂದು
ಹಿರಿಯರು ನನ್ನ ಮುಖ ನೋಡದೆ ಮಾತಾಡುತ್ತಿರುವಾಗ
ಕೇಳದೆಯೇ ಟೆಂಪೋ ಬಂತು.
ಆರು ಗಡ್ಡೆ, ಗೋಣಿ, ಹೊಟ್ಟು.
ಒಡೆಯಲು ಬಂದವರಲ್ಲಿ ಇಬ್ಬರಿಗೆ
ಕೊಕ್ಕೆ ಹಿಡಿಯಲು ಕಲಿಸಿದವನು ಅಪ್ಪನೇ.
ಅವರು ಸದ್ದಾಗದಂತೆ ಒಡೆಯಲು ನೋಡಿದರು.
ಬರ್ಫ ಹಾಗೆಲ್ಲ ಒಡೆಯುವುದಿಲ್ಲ.

ಇನಾಸ ರೂಢಿಯ ಮೇಲೆ ಚೀಟಿ ಹರಿದ:
ಪುಂಡಲೀಕ, ಆರು ಗಡ್ಡೆ.
ರೊಕ್ಕದ ಜಾಗದಲ್ಲಿ ಪೆನ್ಸಿಲ್ ನಿಂತೇ ಇತ್ತು,
ಆಮೇಲೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡ.

ರಾತ್ರಿಯಿಡೀ ನೀರು ಹೊಸ್ತಿಲು ದಾಟಿ,
ಅಂಗಳ ದಾಟಿ, ಬೋಟು ಕಟ್ಟುವ ಕಡೆಗೆ ಹೋಯಿತು.
ಬೆಕ್ಕೊಂದು ಬಂದು ನೆಕ್ಕಿತು. ಓಡಿಸಲಿಲ್ಲ.
ನಾನು ಬಲಗೈಗೆ ಕೆನ್ನೆ ಒತ್ತಿದೆ.

ಮಾರನೇ ಸಂಜೆ ಜೈವಂತ ಬಂದ,
ಉಪ್ಪು ಒಣಗಿದ ಅಂಗಿಯಲ್ಲೇ.
ಎಡಬದಿಗೆ ಹೋಗಿ ಕೂತ.