ನಾಲ್ಕು ಚಮಚ

ಫ್ರೇಸರ್‌ಬರ್ಗಿನಲ್ಲಿ ಅಕ್ಟೋಬರ್ ಮುಗಿಯುವ ಮೊದಲೇ
ಉಪ್ಪಿನ ಲಾರಿ ಹೊರಡುತ್ತದೆ.
ರಸ್ತೆಗೆ ಉಪ್ಪು, ಗಾಳಿಗೆ ಉಪ್ಪು,
ಮೀನಿನ ಧಕ್ಕೆಯಿಂದ ಬೈಕೇರಿ ಬರುವ
ಇಷ್‌ಬೆಲ್‌ಳ ತೋಳಿಗೂ ಉಪ್ಪು.

ಅಡುಗೆಮನೆಯ ಮೇಜಿಗೆ ಹಳೇ ಪೇಪರ್ ಹಾಸಿ
ಬ್ರೇಕಿನ ಕ್ಯಾಲಿಪರ್ ಎರಡನ್ನೂ ಬಿಚ್ಚಿಟ್ಟಿದ್ದಾಳೆ,
ಏಡಿ ಒಡೆದಿಟ್ಟ ಹಾಗೆ.
ಪಿಸ್ಟನ್ ಹೊಸದು, ಪೊಟ್ಟಣದಲ್ಲಿರುವ ಸೀಲು ಹೊಸದು,
ಮೈ ಮಾತ್ರ ಇಪ್ಪತ್ತಾರು ವರ್ಷದ್ದು.
ಮರಳು ಊದಿ ತುಕ್ಕು, ಬೂಷ್ಟು ಎಲ್ಲ ಕಳೆದ ಮೇಲೆ
ಆಗಷ್ಟೇ ಮಿಂದ ಕೂಸಿನಂತೆ ಬರಿಮೈಯಲ್ಲಿ ಕೂತಿವೆ.
ಯಾವ ಅಂಗಿ ತೊಡಿಸುವುದು?

ಕಳೆದ ಚಳಿಗಾಲವಿಡೀ ಇದಕ್ಕೇ ಕಾದಳು.
ಬೇಲಿಗೆ ನಾಲ್ಕು ಅಲ್ಯೂಮಿನಿಯಂ ಚಮಚ ಕಟ್ಟಿ,
ಒಂದಕ್ಕೆ ಡಬ್ಬಿಯ ಸ್ಪ್ರೇ,
ಒಂದಕ್ಕೆ ಗಟ್ಟಿಯಾಗುವ ಮದ್ದು ಬೆರೆಸಿದ ಬಣ್ಣ,
ಆನೊಡೈಜ್ ಮಾಡಿಸಿದ್ದು ಒಂದು,
ಒಲೆಯಲ್ಲಿ ಬೆಂದ ಪೌಡರಿನದು ಇನ್ನೊಂದು.
ಭಾನುವಾರಕ್ಕೊಂದು ಹನಿ ಬ್ರೇಕ್ ಆಯಿಲ್,
ಜ್ವರದ ಮಗುವಿಗೆ ಔಷಧ ಹನಿಸುವಷ್ಟು ಲೆಕ್ಕವಾಗಿ.
ಪಕ್ಕದ ಮನೆಯ ಎಫೀ ಇಣುಕಿ ಕೇಳಿದ್ದಳು:
"ಹಕ್ಕಿಗಳಿಗಾ?"

ಸ್ಪ್ರೇ ಕ್ರಿಸ್‌ಮಸ್ ನೋಡಲಿಲ್ಲ.
ಆನೊಡೈಜ್, ಆ ಚೆಂದದ ಬಂಗಾರದ್ದು,
ಮಾರ್ಚಿಗೆ ಹಿಟ್ಟು ಹಿಟ್ಟಾಗಿ ಬೆಳ್ಳಗಾಯಿತು.
ಮದ್ದಿನ ಬಣ್ಣದ ಅಂಚಲ್ಲಿ ಸುಕ್ಕು.
ಪೌಡರ್ ನಿಂತಿತು.
ಆದರೂ ಕಲ್ಲು ಸಿಡಿದು ಒಂದು ಚಕ್ಕೆ ಎದ್ದರೆ ಸಾಕು,
ಅದರಡಿ ಉಪ್ಪು ನುಸುಳುತ್ತದೆ, ಅವಳಿಗೆ ಗೊತ್ತು.
ಮೇಲೆ ತಳುಕು, ಒಳಗೆ ಹುಳುಕು.

ಪೀಟರ್‌ಹೆಡ್ಡಿನ ವಾಟಿ, ಒಲೆಯ ಒಡೆಯ,
ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ಇಷ್ಟೆ:
"ಓಡಿಸುವುದಕ್ಕೋ, ತೋರಿಸುವುದಕ್ಕೋ?"
"ಓಡಿಸುವುದಕ್ಕೆ. ಜನವರಿಯಲ್ಲೂ."
"ಹಾಗಾದರೆ ಕಪ್ಪು. ತೆಳ್ಳಗೆ.
ಪಿಸ್ಟನ್ನಿನ ಗೂಡು, ಸೀಲಿನ ಕಾಲುವೆ,
ಎರಡು ಹೋಳು ಕೂಡುವ ಮುಖ,
ಇಲ್ಲೆಲ್ಲ ಒಂದು ಕಣವೂ ಬೀಳಬಾರದು.
ಬಿದ್ದರೆ, ಹಿಡಿದ ಬ್ರೇಕ್ ಬಿಡುವುದಿಲ್ಲ."
ಅವಳಿಗೆ ಕೆಂಪಿನ ಮೇಲೆ ಮನಸ್ಸಿತ್ತು.
ಹೇಳಲಿಲ್ಲ.

ಆ ರಾತ್ರಿ ಮೀನು ಸೀಳುವ ಚೂರಿಯಲ್ಲಿ
ಶಾಖಕ್ಕೆ ಜಗ್ಗದ ಟೇಪನ್ನು ದುಂಡಗೆ ಕೊಯ್ದಳು,
ಬಣ್ಣ ಬೇಡದ ಜಾಗಗಳಿಗೆಲ್ಲ ಒಂದೊಂದು.
ಬಣ್ಣದ ಯೋಚನೆಗೆ ಒಂದು ವರ್ಷ ಹಿಡಿದಿತ್ತು,
ಬಣ್ಣ ಬೇಡದ್ದಕ್ಕೆ ಬೆಳಗಿನ ಮೂರು ಗಂಟೆಯವರೆಗೆ.

ಹಣ ಕೊಟ್ಟು ಹೊರಡುವಾಗ ವಾಟಿಯ ದನಿ ಬೆನ್ನಿಗೆ:
"ಗ್ಯಾರಂಟಿ ಕೇಳಬೇಡ. ಮನೆಯಲ್ಲಿ ಬಕೆಟ್ ಇದೆಯಷ್ಟೆ?"
ಇದೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು,
ದಿನಾ ಸಂಜೆ, ಕೈ ಮರಗಟ್ಟಿದರೂ.

ಬೇಲಿಯಲ್ಲಿ ನಾಲ್ಕನೆಯ ಚಮಚ ಇನ್ನೂ ತೂಗುತ್ತಿದೆ.
ತೊಳೆದು, ಕೊಬ್ಬು ಮೆತ್ತಿಟ್ಟಿದ್ದಾಳೆ ಎಫೀ.
ಗುಬ್ಬಿಯೊಂದು ಅದರ ಹಿಡಿಯ ಮೇಲೆ
ನಿಲ್ಲಲು ನೋಡುತ್ತದೆ, ಜಾರುತ್ತದೆ,
ಮತ್ತೆ ನೋಡುತ್ತದೆ.