ಮೊಳೆಯುವಂಥದ್ದು

ಜೂನ್ ಹದಿನಾಲ್ಕಕ್ಕೆ ಲಾರಿ. ಅರ್ಧ ಲಾರಿ ಅನ್ನಬೇಕು.
ಉಳಿದರ್ಧದಲ್ಲಿ ಯಾರದೋ ಪಿಯಾನೋ, ಯಾರದೋ ಬಂಕು ಮಂಚ,
ಗುರುತಿಲ್ಲದವರ ಸಾಮಾನಿಗೆ ಭುಜ ತಾಗಿಸಿಕೊಂಡು
ನಮ್ಮದು ಹನ್ನೊಂದು ಘನಮೀಟರ್.
ಹಾಗಂತ ಡೆನಿಸ್ ಫೋನಿನಲ್ಲೇ ಹೇಳಿಬಿಟ್ಟ,
ಸೋಫಾ ಎಷ್ಟು, ಕಪಾಟು ಎಷ್ಟು ಅಂತಷ್ಟೇ ಕೇಳಿ
ಒಂಬತ್ತು ವರ್ಷವನ್ನು ನಾಲ್ಕು ನಿಮಿಷದಲ್ಲಿ ಅಳೆದು.

ಅಡಿಲೇಡಿನ ಸಾಲ್ಸ್‌ಬರಿಯಿಂದ ಪರ್ತ್‌ನ ಆಚೆ ಬನ್‌ಬರಿಗೆ.
ಅಲ್ಲಿಯ ವೃದ್ಧಾಶ್ರಮದಲ್ಲಿ ನನಗೆ ಕೆಲಸ,
ಕೊನೆಗೂ ಹಗಲುಪಾಳಿ.
ಮಹಾಂತೇಶ ಊಟದ ಮೇಜಿನ ಮೇಲೆ ನಕಾಶೆ ಹರಡಿ
ಮೂಲೆಗೊಂದು ಉಪ್ಪಿನಕಾಯಿ ಬಾಟಲಿ ಇಟ್ಟು ಕೂತಿದ್ದಾನೆ.
"ದಾರ್ಯಾಗ ಎರಡು ಸಲ ಮುಕ್ಕಾಲು ತಾಸು ಹಿಂದ ಸರೀತೈತಿ ಗಡಿಯಾರ.
ಒಟ್ಟು ದೀಡ ತಾಸು ಪುಕ್ಕಟ!"
ಪುಕ್ಕಟೆ ಸಿಕ್ಕಿದ್ದರಲ್ಲಿ ಏನು ಮಾಡ್ತಿ ಅಂದೆ.
ಬಹಳ ಹೊತ್ತು ಯೋಚಿಸಿ,
"ನಿದ್ದಿ" ಅಂದ.

ಗಡಿಯ ನಿಯಮದ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ.
ಜೇನು ಬೇಡ. ಹಣ್ಣು ಬೇಡ. ಕುಂಡ ಬೇಡ.
ಪುಟ ಪೂರ್ತಿ ಬೇಡಗಳು.
ಬೈಲಹೊಂಗಲದ ಶಾಲೆಯ ದುಂಡಕ್ಷರದಲ್ಲಿ
ನಾನದನ್ನು ಎರಡೇ ಮಾತಿಗಿಳಿಸಿ ಕೆಳಗೆ ಬರೆದೆ:
ಮಣ್ಣು ಬೇಡ.
ಮೊಳೆಯುವಂಥದ್ದು ಏನೂ ಬೇಡ.

ಆಮೇಲೆ ಡಬ್ಬಿ ತೆರೆಯುತ್ತ ಹೋದಂತೆ ತಿಳಿಯಿತು,
ನಮ್ಮ ಅಡುಗೆಮನೆಯಲ್ಲಿ ಇರುವುದೆಲ್ಲ ಅದೇ.
ಹೆಸರು, ಮಡಕಿ, ಹುರಳಿ, ಮೆಂತ್ಯ,
ಒಂದು ರಾತ್ರಿ ನೀರು ಕಂಡರೆ ಸಾಕು, ಬಾಲ ಬಿಡುವ ಜಾತಿ.
ಮೂರು ವಾರದಿಂದ ದಿನಾ ಕಾಳಿನ ಪಲ್ಯ.
ಗುರೆಳ್ಳು, ಅಗಸಿ ಹುರಿದು ಪುಡಿ ಮಾಡಿದೆ.
ಹುರಿದದ್ದಕ್ಕೆ ಗಡಿಯ ಭಯವಿಲ್ಲ.
ಬಾಣಲೆಯಲ್ಲಿ ಅಗಸಿ ಚಟಪಟ ಸಿಡಿಯುವಾಗ
ಯಾಕೋ ಉರಿ ಸಣ್ಣದು ಮಾಡಿ
ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಸನಿಕೆ ತೊಳೆದೆವು. ಸೈಕಲ್ಲಿನ ಗಾಲಿ ತೊಳೆದೆವು.
ಹಳೇ ಬ್ರಷ್ಷಿನಿಂದ ಬೂಟಿನ ತಳದ ಗೀರುಗೀರನ್ನೂ ತಿಕ್ಕಿದಾಗ
ಕೆಂಪು ನೀರು ಹಿತ್ತಲಿಗೇ ವಾಪಸು ಹರಿಯಿತು.
ಪಕ್ಕದ ಮನೆಯ ದಿಮಿತ್ರಾ ಅಜ್ಜಿ ಬಂದು
ಜೇನಿನ ಬಾಟಲಿಯನ್ನೂ ಕರಿಬೇವಿನ ಕುಂಡವನ್ನೂ ಇಸಿದುಕೊಂಡಳು.
"ಇದಕ್ಕೆ ಗ್ರೀಕ್ ತಿಳಿಯುತ್ತಾ?" ಅಂದಳು.
ನೀರು ಹಾಕಿದರೆ ಸಾಕು ಅಂದೆ.
ರಾತ್ರಿ ಮೆಸೇಜು ಮಾಡಿದೆ:
ಮಾತೂ ಆಡಿಸು.

ಇಷ್ಟೆಲ್ಲ ಆದ ಮೇಲೆ ನೀಲಾಗೆ ಹಲ್ಲುಗಳು ನೆನಪಾದವು.
ಬಿದ್ದ ನಾಲ್ಕು ಹಾಲುಹಲ್ಲು.
ಸಗಣಿ ಸಿಗದ ಊರು; ಕುಂಡದ ಮಣ್ಣಲ್ಲೇ ಉಂಡೆ ಕಟ್ಟಿ
ಅವಳಪ್ಪ ಒಂದೊಂದಾಗಿ ಮಾಳಿಗೆ ಮೇಲೆಸೆದಿದ್ದ.
"ಬಿಟ್ಟು ಹೋಗೂದಾ?" ಅಂದಳು, ಗಲ್ಲ ಉಬ್ಬಿಸಿ.
ಮಹಾಂತೇಶ ಮಾತಿಲ್ಲದೆ ಏಣಿ ತಂದ.
ಗಟರಿನಲ್ಲಿ ಸಿಕ್ಕಿದ್ದು ಕೊಳೆತ ನೀಲಗಿರಿ ಎಲೆ,
ಒಂದು ಟೆನಿಸ್ ಚೆಂಡು, ಎರಡು ಹಿಡಿ ಕೆಸರು.
ಕೆಸರನ್ನು ಬೆರಳಲ್ಲಿ ಕಿವುಚಿ ಕಿವುಚಿ ನೋಡಿದ.
ಹಲ್ಲಿಲ್ಲ.
ಚೆಂಡು ಪಕ್ಕದ ಓಣಿಯ ಹುಡುಗರದು.

ಇವತ್ತು ಬೆಳಿಗ್ಗೆ ಟೇಪು ಸುತ್ತುತ್ತಿದ್ದೆ, ಇಪ್ಪತ್ಮೂರನೇ ಡಬ್ಬಕ್ಕೆ.
ಬಚ್ಚಲ ಕನ್ನಡಿಯ ಮುಂದೆ ನೀಲಾ
ಕೆಳದುಟಿ ಜಗ್ಗಿ ಹಿಡಿದು ಕೂಗಿದಳು:
"ಅವ್ವಾ, ಇಲ್ಲಿ ಹೊಸಾದು ಮೊಳಿಯಾಕತ್ತೈತಿ!"
ಆಮೇಲೆ ದನಿ ಇಳಿಸಿ, ಬಾಗಿಲ ತನಕ ಬಂದು,
"ಗಡಿಯಾಗ ಬಾಯಿ ತಗಿ ಅಂದರ?"

ಟೇಪಿನ ತುದಿ ಹಲ್ಲಲ್ಲಿ ಕಚ್ಚಿ ಹರಿದು
"ನಗಬ್ಯಾಡ, ಅಷ್ಟ" ಅಂದೆ.